ಪೆಡಲ್‌ಗೆ ಎಷ್ಟು ಕೊಟ್ರೆ ಬೇಸ್ ಕೇಳ್ಸುತ್ತೆ?

ಕಳೆದ ಫೆಸ್ಟ್‌ನಲ್ಲಿ ನಮ್ಮ ಬ್ಯಾಂಡ್ ಸ್ಟೇಜ್ ಹತ್ತಿದಾಗ ಮೂರನೇ ಹಾಡಿಗೆ ಬೇಸ್ ಕಾಣೆಯಾಯ್ತು. ಬೇಸಿಸ್ಟ್ ಓವರ್‌ಡ್ರೈವ್ ಪೆಡಲ್ ತುಳಿದ ತಕ್ಷಣ ಕೆಳಗಿನ ಸ್ವರಗಳೆಲ್ಲ ತೆಳ್ಳಗಾದವು. ನಡುವೆ ಒಂದೆರಡು ಸಲ ಸೌಂಡ್ ಪೂರ್ತಿ ಕಟ್ ಆಯ್ತು. ಇಳಿದು ಬಂದ ಮೇಲೆ ನಾವೆಲ್ಲ ಅವನನ್ನೇ ಬೈದೆವು: "ಅಗ್ಗದ ಪೆಡಲ್ ತಂದ್ರೆ ಹೀಗೇ ಆಗೋದು ಮಗಾ." ಅವನು ಏನೂ ಮಾತಾಡಲಿಲ್ಲ. ಎರಡು ವಾರ ಆದ್ಮೇಲೆ ವಿಷಯ ಗೊತ್ತಾಯ್ತು. ಲ್ಯಾಪ್‌ಟಾಪ್ ತಗೋ ಅಂತ ಅವರಪ್ಪ ಕೊಟ್ಟಿದ್ದ ದುಡ್ಡಲ್ಲಿ ದೊಡ್ಡ ಪಾಲನ್ನು ಒಂದು ದುಬಾರಿ ಪೆಡಲ್‌ಗೆ ಹಾಕೋಕೆ ಹೊರಟಿದ್ದ.

ಆಗ ನಮಗೆ ಸ್ವಲ್ಪ ಭಯ ಆಯ್ತು. ನಾವು ಬೈದಿದ್ದು ನಿಜವೋ ಸುಳ್ಳೋ ಅಂತ ನಮಗೇ ಗೊತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಓದೋರು ನಾವು, ಲ್ಯಾಬಲ್ಲಿ ಸ್ಕೋಪ್ ಇದೆ, ನೋಡೇಬಿಡೋಣ ಅಂತ ಒಬ್ಬ ಸೀನಿಯರ್ ಹತ್ತಿರ ದುಬಾರಿ ಬೇಸ್ ಪೆಡಲ್ ಒಂದನ್ನು ಎರಡು ದಿನಕ್ಕೆ ಕೇಳಿ ತಂದೆವು.

ಮೊದಲ ತಪ್ಪು: ಜೋರು ಅಂದ್ರೆ ಚೆನ್ನಾಗಿದೆ ಅಂದ್ಕೊಳ್ಳೋದು

ಕಣ್ಣು ಮುಚ್ಚಿಸಿ ಎರಡನ್ನೂ ಕೇಳಿಸಿದಾಗ ಎಲ್ಲರೂ ದುಬಾರಿಯದ್ದಕ್ಕೇ ಕೈ ಎತ್ತಿದರು. ಆಮೇಲೆ ನೋಡಿದರೆ ಅದರ ವಾಲ್ಯೂಮ್ ಜಾಸ್ತಿ ಇತ್ತು. ಸ್ವಲ್ಪ ಜೋರಾಗಿರೋ ಸೌಂಡನ್ನೇ ನಮ್ಮ ಕಿವಿ "ಒಳ್ಳೇದು" ಅಂತ ಆರಿಸಿಕೊಳ್ಳುತ್ತೆ. ಅದರಲ್ಲೂ ವಾಲ್ಯೂಮ್ ಏರಿದಾಗ ಕೆಳಗಿನ ಫ್ರೀಕ್ವೆನ್ಸಿಗಳು ಇನ್ನೂ ತುಂಬಿಕೊಂಡ ಹಾಗೆ ಕೇಳಿಸುತ್ತವೆ. ಹಾಗಾಗಿ ಎರಡಕ್ಕೂ ಫಂಕ್ಷನ್ ಜನರೇಟರ್‌ನಿಂದ ಒಂದೇ ಸಿಗ್ನಲ್ ಕೊಟ್ಟು, ಔಟ್‌ಪುಟ್ ಸ್ಕೋಪಿನಲ್ಲಿ ಸಮ ಮಾಡಿ, ಮತ್ತೆ ಕೇಳಿದೆವು.

ಈ ಸಲ ಜಿ ತಂತಿಯ ಮೇಲಿನ ಸ್ವರಗಳಲ್ಲಿ ಯಾವುದು ಯಾವುದು ಅಂತ ಹೇಳೋದೇ ಕಷ್ಟ ಆಯ್ತು. ಆದರೆ ಇ ತಂತಿಗೆ ಬಂದಾಗ ಅನುಮಾನವೇ ಇಲ್ಲ, ಅಗ್ಗದ್ದು ತೆಳ್ಳಗೆ, ದುಬಾರಿಯದ್ದು ತುಂಬಿಕೊಂಡು. ಅಂದ್ರೆ ನಮ್ಮ ಬೈಗುಳದಲ್ಲಿ ಅರ್ಧ ಸತ್ಯ ಇತ್ತು. ಆದರೆ ಕಾರಣ ಬೆಲೆಯೇನಾ?

ತಳ ತೆಗೆ, ಒಳಗೆ ನೋಡು

ನಾಲ್ಕು ಸ್ಕ್ರೂ ಬಿಚ್ಚಿದೆವು. ಒಳಗಿದ್ದದ್ದು ಜಗತ್ತಿನಾದ್ಯಂತ ಕಾಪಿ ಆಗಿರೋ ಒಂದು ಸರ್ಕ್ಯೂಟ್: ಐಬನೀಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್. 1979ರ ಹೊತ್ತಿಗೆ ಬಂದ ಈ ಪೆಡಲ್ ಗಿಟಾರಿಗೆ ಅಂತ ಮಾಡಿದ್ದು. ಅದರ ಹಳೆಯ ಒರಿಜಿನಲ್‌ಗಳಿಗೆ ಈಗ ಭಾರಿ ಬೆಲೆ.

ಇದರ ಹೃದಯ ನಾವು ಮೂರನೇ ಸೆಮ್‌ನಲ್ಲಿ ಓದೋ ನಾನ್-ಇನ್ವರ್ಟಿಂಗ್ ಆಂಪ್ಲಿಫೈಯರೇ. ಆಪ್‌ಆಂಪ್‌ನ ಇನ್ವರ್ಟಿಂಗ್ ಪಿನ್ನಿಂದ ಗ್ರೌಂಡಿಗೆ 4.7 ಕಿಲೋಓಮ್ ರೆಸಿಸ್ಟರ್, ಅದರ ಜೊತೆ ಸೀರೀಸಲ್ಲಿ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಎರಡು ಪೈ, ರೆಸಿಸ್ಟನ್ಸ್, ಕೆಪಾಸಿಟನ್ಸ್ ಇಷ್ಟನ್ನೂ ಗುಣಿಸಿ, 1ನ್ನು ಅದರಿಂದ ಭಾಗಿಸಿ. ಕಟ್‌ಆಫ್ ಸುಮಾರು 720 ಹರ್ಟ್ಜ್ ಬರುತ್ತೆ. ಅದಕ್ಕಿಂತ ಕೆಳಗೆ ಹೋದಷ್ಟೂ ಗೇನ್ ಇಳಿಯುತ್ತಾ ಕೊನೆಗೆ 1ರ ಹತ್ತಿರ ನಿಲ್ಲುತ್ತೆ.

ಈಗ ಗಿಟಾರಿನ ದಪ್ಪ ಇ ತಂತಿ 82.4 ಹರ್ಟ್ಜ್, ಬೇಸ್‌ನದ್ದು ಅದರ ಅರ್ಧ, 41.2 ಹರ್ಟ್ಜ್. ಡ್ರೈವ್ ಪೂರ್ತಿ ಕಡಿಮೆ ಇಟ್ಟರೆ ಫೀಡ್‌ಬ್ಯಾಕಲ್ಲಿ ಉಳಿಯೋದು 51 ಕಿಲೋಓಮ್. ಡಯೋಡ್‌ಗಳು ಕ್ಲಿಪ್ ಮಾಡೋ ಮೊದಲಿನ ಲೆಕ್ಕ ಹಾಕಿದರೆ ಕಟ್‌ಆಫ್‌ಗಿಂತ ಮೇಲಿನ ಸ್ವರಗಳಿಗೆ ಸುಮಾರು 12 ಪಟ್ಟು ಗೇನ್. 41.2 ಹರ್ಟ್ಜ್‌ಗೆ ಬರೀ 1.2 ಪಟ್ಟು! ಮೇಲಿನದ್ದು ಹತ್ತು ಪಟ್ಟು ಬೆಳೆದಾಗ ಕೆಳಗಿನದ್ದು ನಿಂತಲ್ಲೇ ನಿಂತಿರುತ್ತೆ. ಮೇಲಿಂದ ವಾಲ್ಯೂಮ್ ಸಮ ಮಾಡೋಕೆ ನಾಬ್ ಇಳಿಸಿದರೆ ಮುಗೀತು, ಬೇಸ್ ಮಾಯ.

ಗಿಟಾರಿಗೆ ಇದು ದೋಷ ಅಲ್ಲ, ಬೇಕೂಂತಲೇ ಮಾಡಿದ್ದು. ಕೆಳಗಿನದ್ದು ಜಾಸ್ತಿ ಕ್ಲಿಪ್ ಆದರೆ ಗಿಟಾರ್ ಸೌಂಡ್ ಕೆಸರಾಗುತ್ತೆ. ಹಾಗಾಗಿ ನಮ್ಮ ಹುಡುಗ ಭಾರಿ ಬೆಲೆ ಕೊಟ್ಟು ಹಳೆಯ ಒರಿಜಿನಲ್ಲೇ ತಂದಿದ್ದರೂ ಮೂರನೇ ಹಾಡಲ್ಲಿ ಬೇಸ್ ಇದೇ ಥರ ಕಾಣೆಯಾಗ್ತಿತ್ತು. ಪೆಡಲ್ ಅಗ್ಗದ್ದು ಅನ್ನೋದಕ್ಕಿಂತ, ಅದು ಬೇರೆ ವಾದ್ಯಕ್ಕೆ ಮಾಡಿದ್ದು ಅನ್ನೋದೇ ಇಲ್ಲಿ ಸಮಸ್ಯೆ.

ಕೆಲವೇ ರೂಪಾಯಿಯ ರಿಪೇರಿ

0.047 ತೆಗೆದು 0.47 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿದೆವು. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕೆಲವೇ ರೂಪಾಯಿಗೆ ಸಿಗೋ ಸಾಮಾನು. ಕಟ್‌ಆಫ್ 72 ಹರ್ಟ್ಜ್‌ಗೆ ಇಳಿಯಿತು. 41.2 ಹರ್ಟ್ಜ್‌ಗೆ ಗೇನ್ 1.2ರಿಂದ ಸುಮಾರು 6ಕ್ಕೆ ಏರಿತು. ಇ ತಂತಿ ಬಾರಿಸಿದಾಗ ಬೇಸಿಸ್ಟ್ ಮುಖ ನೋಡಬೇಕಿತ್ತು.

ದುಬಾರಿ ಪೆಡಲ್ ಇದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತೆ. ಅದರಲ್ಲಿ ಬ್ಲೆಂಡ್ ಅನ್ನೋ ನಾಬ್ ಇದೆ. ಮೂಲ ಸಿಗ್ನಲ್ಲನ್ನು ಹಾಗೇ ಉಳಿಸಿಕೊಂಡು ಅದಕ್ಕೆ ಡಿಸ್ಟಾರ್ಷನ್ ಬೆರೆಸೋದು. ಕೆಳಗಿನ ಸ್ವರ ಕ್ಲೀನ್ ದಾರಿಯಲ್ಲಿ ಬರುತ್ತೆ, ಕಾರ ಮಸಾಲೆ ಇನ್ನೊಂದು ದಾರಿಯಲ್ಲಿ. ಬೇಸ್‌ಗೆ ಇದು ತುಂಬಾ ಉಪಯೋಗ. ಆದರೆ ಬ್ಲೆಂಡ್ ಕೂಡ ದುಡ್ಡಿದ್ದವರ ಸ್ವತ್ತಲ್ಲ. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ ಮತ್ತು ಬೆಹ್ರಿಂಗರ್ ಬಿಡಿಐ21 ಎರಡರಲ್ಲೂ ಬ್ಲೆಂಡ್ ನಾಬ್ ಇದೆ, ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಅಂತರ.

ಹಾಗಾದ್ರೆ ಜಾಸ್ತಿ ದುಡ್ಡು ಎಲ್ಲಿಗೆ ಹೋಗುತ್ತೆ?

ಫೆಸ್ಟ್‌ನಲ್ಲಿ ಸೌಂಡ್ ಕಟ್ ಆಗಿದ್ದಕ್ಕೂ ಈ ಕೆಪಾಸಿಟರ್‌ಗೂ ಸಂಬಂಧ ಇರಲಿಲ್ಲ. ಪಿನ್ ಅಲ್ಲಾಡಿಸಿದಾಗ ಸಿಕ್ಕಿತು: ಇನ್‌ಪುಟ್ ಜ್ಯಾಕ್ ನೇರವಾಗಿ ಬೋರ್ಡಿಗೆ ಬೆಸೆದಿದ್ದರು, ಬೆಸುಗೆ ಬಿರುಕು ಬಿಟ್ಟಿತ್ತು. ಕೇಬಲ್ ಎಳೆದಾಗಲೆಲ್ಲ ಪೂರ್ತಿ ಭಾರ ಆ ಸಣ್ಣ ಬೆಸುಗೆ ಮೇಲೆ. ಸೀನಿಯರ್ ಪೆಡಲಲ್ಲಿ ಜ್ಯಾಕ್‌ಗಳನ್ನು ಲೋಹದ ಡಬ್ಬಕ್ಕೇ ನಟ್ ಹಾಕಿ ಬಿಗಿದು, ವೈರಿನಿಂದ ಬೋರ್ಡಿಗೆ ಜೋಡಿಸಿದ್ದರು. ತುಳಿಯೋ ಸ್ವಿಚ್ಚೂ ಗಟ್ಟಿ. ಹಿಸ್ ಕೂಡ ಅದರಲ್ಲಿ ಕಡಿಮೆ. ನಮ್ಮದರಲ್ಲಿ ಕೆಪಾಸಿಟರ್ ಬದಲಿಸಿದ ಮೇಲೂ ಹಿಸ್ ಹೋಗಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಹಾಡಿನ ನಡುವೆ ಕೇಳಿಸಲ್ಲ, ಹಾಡು ನಿಂತಾಗ ಕೇಳಿಸುತ್ತೆ.

ಅಂದ್ರೆ ಜಾಸ್ತಿ ದುಡ್ಡಿಗೆ ಸಿಗೋದು ಬಾಳಿಕೆ, ನಿಶ್ಶಬ್ದ, ನಂಬಿಕೆ. ವಾರಕ್ಕೆ ಮೂರು ಶೋ ಮಾಡೋರಿಗೆ ಅದಕ್ಕೆ ಬೆಲೆ ಕೊಡೋದು ಸರಿ. ವರ್ಷಕ್ಕೆ ಮೂರು ಸಲ ಸ್ಟೇಜ್ ಹತ್ತೋ ನಮಗೆ ಬೆಸುಗೆ ಕಲಿಯೋದು ಸಾಕು.

ಕೊಳ್ಳೋ ಮೊದಲು

1. ಪೆಡಲ್ ಗಿಟಾರಿಗೋ ಬೇಸ್‌ಗೋ ಕೇಳಿ. ಬ್ಲೆಂಡ್ ಇದ್ದರೆ ಒಳ್ಳೇದು.
2. ಹೋಲಿಸುವಾಗ ವಾಲ್ಯೂಮ್ ಸಮ ಮಾಡಿ. ಆಮೇಲೆ ಇ ತಂತಿ ಬಾರಿಸಿ, ಸಾಧ್ಯವಾದರೆ ಡ್ರಮ್ಸ್ ಜೊತೆ.
3. ಜ್ಯಾಕಲ್ಲಿ ಪಿನ್ ಮೆಲ್ಲಗೆ ಅಲ್ಲಾಡಿಸಿ. ಕರಕರ ಅಂದರೆ ಬೇಡ.
4. ಅಡಾಪ್ಟರ್ ನೋಡಿ. ಹೆಚ್ಚಿನವಕ್ಕೆ ಬೇಕಾಗೋದು 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಕಳಪೆ ಅಡಾಪ್ಟರಿನ ಗುಂಯ್‌ಗುಡುವಿಕೆಗೆ ಎಷ್ಟೋ ಸಲ ಪಾಪ ಪೆಡಲ್ ಬೈಸಿಕೊಳ್ಳುತ್ತೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ನೆಲ ನಿಜವಾಗಲೂ ಡೊಂಕಿತ್ತು, ಬೈದಿದ್ದು ಮಾತ್ರ ಕುಣಿಯೋನನ್ನು. ಅಳೆಯದೆ ಮಾತಾಡಿದ್ದಕ್ಕೆ ಅವನಿಗೆ ಕ್ಯಾಂಟೀನಲ್ಲಿ ಮಸಾಲೆ ದೋಸೆ ಕೊಡಿಸಿ ಸಾರಿ ಕೇಳಿದೆವು. ಎರಡು ದೋಸೆ ತಿಂದ. ಲ್ಯಾಪ್‌ಟಾಪ್ ದುಡ್ಡು ಲ್ಯಾಪ್‌ಟಾಪಿಗೇ ಹೋಯ್ತು.