ಗ್ಯಾಸಿನ ಬಾಯ್ಲರು: ಅದರ ಅಂಗಗಳ ಶುದ್ಧಿಯೂ ಪಾಲನೆಯೂ

ನರಕಚತುರ್ದಶಿಯ ಹಿಂದಿನ ದಿನ ನಮ್ಮ ಸೀಮೆಯ ಗೃಹಿಣಿಯರು ನೀರು ತುಂಬುವ ಹಬ್ಬವನ್ನು ಆಚರಿಸುವರು. ಬಚ್ಚಲಿನ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಒಲೆಯ ಬೂದಿಯನ್ನು ತೆಗೆದು, ಹಂಡೆಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆಯೆಳೆದು, ಹೊಸ ನೀರು ತುಂಬಿ ಪೂಜಿಸುವರು. ಈ ಆಚಾರದಲ್ಲಿ ಭಕ್ತಿಯೊಡನೆ ವಿವೇಕವೂ ಅಡಗಿರುವುದು. ಏಕೆಂದರೆ ನೀರು ಕಾಯಿಸುವ ಪಾತ್ರೆಯೂ ಒಲೆಯೂ ಇದರಿಂದ ವರ್ಷಕ್ಕೊಂದಾವೃತ್ತಿಯಾದರೂ ಶುದ್ಧವಾಗುವುವು. ಈಚೆಗೆ ಅನೇಕ ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಸಿಲಿಂಡರಿನ ಗ್ಯಾಸಿನಿಂದ ಉರಿಯುವ ಬಾಯ್ಲರು ಬಂದಿರುವುದು. ಪೇಟೆಯವರು ಇದನ್ನು ಗ್ಯಾಸ್ ಗೀಸರ್ ಎನ್ನುವರು. ಸ್ನಾನಕ್ಕೂ ಹಾಲಿನ ಕ್ಯಾನುಗಳನ್ನು ತೊಳೆಯುವುದಕ್ಕೂ ಬೇಕಾದ ಬಿಸಿನೀರು ಇದರಿಂದ ಶೀಘ್ರದಲ್ಲಿ ದೊರೆಯುವುದು. ಆದರೆ ಹಂಡೆಗೆ ಸಲ್ಲುತ್ತಿದ್ದ ಆರೈಕೆ ಈ ಯಂತ್ರಕ್ಕೆ ಸಲ್ಲುತ್ತಿಲ್ಲ. ಗೋಡೆಗೆ ತಗುಲಿಸಿದ ದಿನ ನೋಡಿದವರು, ಅದು ಕೆಟ್ಟು ನಿಲ್ಲುವವರೆಗೆ ಪುನಃ ಅದರತ್ತ ನೋಡುವುದಿಲ್ಲ. ಈ ಅಲಕ್ಷ್ಯದಿಂದ ಗ್ಯಾಸು ವ್ಯರ್ಥವಾಗುವುದು ಸಣ್ಣ ನಷ್ಟ. ಪ್ರಾಣಹಾನಿಯಾಗುವುದು ತುಂಬಲಾರದ ನಷ್ಟ. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ತಾವು ಅರಿತು ನೆರೆಹೊರೆಯವರಿಗೂ ತಿಳಿಯಹೇಳಬೇಕು.

೧. ಅಪಾಯದ ಕಾರಣ

ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯುಟೇನ್ ಎಂಬ ಅನಿಲಗಳ ಮಿಶ್ರಣ. ಇದರ ಒಂದು ಪಾಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೨೫ ರಿಂದ ೩೦ ಪಾಲು ಗಾಳಿ ಬೇಕು. ಸಾಕಷ್ಟು ಗಾಳಿ ದೊರೆತಾಗ ಜ್ವಾಲೆಯು ನೀಲಿಯಾಗಿಯೂ ಸ್ಥಿರವಾಗಿಯೂ ಇರುವುದು. ಗಾಳಿ ಸಾಲದಿದ್ದರೆ, ಅಥವಾ ಬರ್ನರಿನ ರಂಧ್ರಗಳಲ್ಲಿ ಕಸ ಸೇರಿದ್ದರೆ, ಜ್ವಾಲೆಯು ಹಳದಿಯಾಗಿ ನಾಲಗೆ ಚಾಚುವುದು, ಮಸಿ ಕಟ್ಟುವುದು, ಕಾರ್ಬನ್ ಮಾನಾಕ್ಸೈಡು ಎಂಬ ವಿಷವಾಯು ಹುಟ್ಟುವುದು.

ಈ ವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸು ಸೋರಿದರೆ ಗೊತ್ತಾಗಲೆಂದು ಅದಕ್ಕೆ ದುರ್ವಾಸನೆಯ ಪದಾರ್ಥವೊಂದನ್ನು ಬೆರೆಸಿರುವರು; ಈ ವಿಷಕ್ಕೆ ಅಂತಹ ಮುನ್ಸೂಚನೆಯಿಲ್ಲ. ಇದು ರಕ್ತದ ಹಿಮೋಗ್ಲೋಬಿನ್ನೊಡನೆ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕವು ದೊರೆಯದಂತಾಗುವುದು. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ಕೈಕಾಲುಗಳಲ್ಲಿ ಶಕ್ತಿಯುಡುಗುವುದು. ಬಾಗಿಲ ಚಿಲಕವನ್ನು ತೆಗೆಯಬೇಕೆಂದು ತೋರುವಷ್ಟರಲ್ಲಿ ಎದ್ದು ನಿಲ್ಲುವ ಸಾಮರ್ಥ್ಯವಿರುವುದಿಲ್ಲ.

೨. ಬಾಯ್ಲರನ್ನು ಇಡತಕ್ಕ ಸ್ಥಳ

ಯಂತ್ರವು ಎಷ್ಟೇ ಶುದ್ಧವಾಗಿದ್ದರೂ ಮುಚ್ಚಿದ ಬಚ್ಚಲುಮನೆಯೊಳಗೆ ಉರಿದರೆ ಅಲ್ಲಿಯ ಆಮ್ಲಜನಕವನ್ನು ಕಡಮೆಮಾಡಿ ಕಡೆಗೆ ವಿಷವಾಯುವನ್ನೇ ಕಾರುವುದು. ಆದುದರಿಂದ ಶುದ್ಧಿಯ ಮಾತಿಗಿಂತ ಮೊದಲು ಸ್ಥಳದ ಮಾತು. ಬಾಯ್ಲರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಮಳೆ ಬೀಳದ ಹಾಗೂ ಗಾಳಿಯಾಡುವ ಕಡೆ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯ ಮೂಲಕ ಒಳಕ್ಕೆ ತರತಕ್ಕದ್ದು. ಹೊಸ ಮನೆ ಕಟ್ಟಿಸುವವರು ಗೋಡೆ ಏಳುವ ಮೊದಲೇ ಮೇಸ್ತ್ರಿಗೆ ಇದನ್ನು ಹೇಳಿದರೆ ಮುಂದೆ ಗೋಡೆ ಒಡೆಯುವ ಖರ್ಚು ಉಳಿಯುವುದು.

೩. ಮನೆಯವರು ಮಾಡತಕ್ಕ ಕೆಲಸಗಳು

ಪ್ರತಿದಿನವೂ ಜ್ವಾಲೆಯ ಬಣ್ಣವನ್ನು ಗವಾಕ್ಷಿಯಿಂದ ನೋಡುವುದು. ಹಳದಿಯಾಗಿದ್ದರೆ, ಅಥವಾ ಯಂತ್ರದ ಮೇಲ್ಭಾಗದಲ್ಲಿ ಮಸಿ ಕಂಡರೆ, ಅಂದೇ ಉಪಯೋಗವನ್ನು ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸತಕ್ಕದ್ದು.

ತಿಂಗಳಿಗೊಮ್ಮೆ ತಣ್ಣೀರು ಒಳಹೋಗುವ ಕಡೆಯಿರುವ ಜಾಲರಿಯನ್ನು ಬಿಚ್ಚಿ ತೊಳೆಯುವುದು. ಕೊಳವೆಬಾವಿಯ ಮರಳೂ ತೊಟ್ಟಿಯ ಪಾಚಿಯೂ ಇಲ್ಲಿ ಸೇರಿದರೆ ನೀರಿನ ಒತ್ತಡವು ಕುಗ್ಗಿ ಯಂತ್ರವು ಹೊತ್ತಿಕೊಳ್ಳುವುದಿಲ್ಲ. ಅನೇಕರು ಯಂತ್ರವೇ ಕೆಟ್ಟಿತೆಂದು ಭಾವಿಸುವ ಸಂದರ್ಭಗಳಲ್ಲಿ ಜಾಲರಿಯಲ್ಲಿ ಕಸವಿರುವುದು, ಅಥವಾ ಕಿಡಿ ಹೊತ್ತಿಸುವ ಬ್ಯಾಟರಿಗಳು ಮುಗಿದಿರುವುವು.

ಗ್ಯಾಸಿನ ರಬ್ಬರ್ ಕೊಳವೆಯ ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡುವುದು; ಗುಳ್ಳೆಯೆದ್ದರೆ ಸೋರುತ್ತಿರುವುದೆಂದು ತಿಳಿಯತಕ್ಕದ್ದು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಸರ್ವಥಾ ಕೂಡದು. ಕೊಳವೆಯು ಬಿರಿದಿದ್ದರೆ, ಅಥವಾ ಅದರ ಮೇಲೆ ಅಚ್ಚಾಗಿರುವ ಅವಧಿಯು ಮುಗಿದಿದ್ದರೆ, ಬದಲಾಯಿಸತಕ್ಕದ್ದು.

೪. ವರ್ಷಕ್ಕೊಮ್ಮೆ ಮೆಕ್ಯಾನಿಕನಿಂದ ಮಾಡಿಸತಕ್ಕ ಕೆಲಸಗಳು

ಯಜಮಾನರು ಎದುರಿಗೆ ನಿಂತು ಈ ಕೆಳಗಿನ ಕೆಲಸಗಳನ್ನು ಮಾಡಿಸುವುದು ಒಳ್ಳೆಯದು. ಸಿಲಿಂಡರನ್ನು ಮುಚ್ಚಿ, ನೀರನ್ನು ಕಟ್ಟಿ, ಬ್ಯಾಟರಿಗಳನ್ನು ತೆಗೆದು, ಯಂತ್ರವು ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳವನ್ನು ಬಿಚ್ಚತಕ್ಕದ್ದು.

(ಅ) ಬರ್ನರು ಮತ್ತು ಜೆಟ್ಟು: ಧೂಳೂ ಜೇಡರ ಬಲೆಯೂ ಇಲ್ಲಿ ಸೇರುವುವು. ಮೃದುವಾದ ಬ್ರಷಿನಿಂದ ಉಜ್ಜಿ ಊದಿ ತೆಗೆಯತಕ್ಕದ್ದು. ಜೆಟ್ಟಿನ ಸೂಕ್ಷ್ಮರಂಧ್ರಕ್ಕೆ ಸೂಜಿ ಅಥವಾ ತಂತಿಯನ್ನು ತೂರಿಸಬಾರದು. ರಂಧ್ರವು ಕೊಂಚ ಅಗಲವಾದರೂ ಗ್ಯಾಸು ಮಿತಿಮೀರಿ ಬಂದು ಜ್ವಾಲೆಯು ಹಳದಿಯಾಗುವುದು.

(ಆ) ತಾಮ್ರದ ರೆಕ್ಕೆಗಳು: ಜ್ವಾಲೆಯ ಮೇಲ್ಗಡೆ ನೀರಿನ ಕೊಳವೆಗೆ ಒತ್ತಾಗಿ ಜೋಡಿಸಿದ ತೆಳುತಗಡುಗಳಿರುವುವು. ಇವುಗಳ ಸಂದಿಯಲ್ಲಿ ಮಸಿ ಕಟ್ಟಿದರೆ ಶಾಖವು ನೀರಿಗೆ ಹತ್ತುವುದಿಲ್ಲ. ಸುಟ್ಟ ಗಾಳಿಗೆ ಹೊರಹೋಗಲು ದಾರಿಯೂ ಇರುವುದಿಲ್ಲ. ತಗಡುಗಳು ಬಾಗದಂತೆ ಬ್ರಷಿನಿಂದ ಮಸಿ ತೆಗೆದು, ಸಾಬೂನು ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿದ ಬಳಿಕ ಜೋಡಿಸತಕ್ಕದ್ದು.

(ಇ) ಕೊಳವೆಯ ಒಳಗಣ ಗಟ್ಟು: ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡುಸು. ಅದರಲ್ಲಿ ಕರಗಿರುವ ಸುಣ್ಣದ ಅಂಶವು ಕಾಯಿಸಿದೊಡನೆ ಬಿಳಿಯ ಗಟ್ಟಾಗಿ ಕೊಳವೆಗೆ ಅಂಟುವುದು. ಬಿಸಿನೀರಿನ ಧಾರೆ ಸಣ್ಣದಾಗುವುದು, ಯಂತ್ರದಲ್ಲಿ ಗುಡುಗುಡು ಶಬ್ದ ಕೇಳಿಸುವುದು, ಇವು ಇದರ ಲಕ್ಷಣಗಳು. ಒಂದು ಲೀಟರು ನೀರಿಗೆ ೫೦ ಗ್ರಾಂ ಸಿಟ್ರಿಕ್ ಆಮ್ಲವನ್ನು ಕರಗಿಸಿ ಕೊಳವೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಬಳಿಕ ಧಾರಾಳವಾಗಿ ನೀರು ಹಾಯಿಸಿದರೆ ಗಟ್ಟು ಕರಗುವುದು. ಹುಣಿಸೆಯ ಹುಳಿಯಿಂದ ಹಂಡೆಯ ಕಲೆಯನ್ನು ಬಿಡಿಸುವ ನಮ್ಮ ತಾಯಂದಿರ ಕ್ರಮವೂ ಇದೇ ತತ್ತ್ವದ್ದು. ಕಕ್ಕಸು ತೊಳೆಯುವ ತೀಕ್ಷ್ಣವಾದ ಆಸಿಡನ್ನು ಉಪಯೋಗಿಸಿದರೆ ಲೋಹವೇ ಸವೆಯುವುದು.

(ಈ) ರಬ್ಬರಿನ ಪೊರೆ: ನೀರು ಹರಿದಾಗ ಗ್ಯಾಸನ್ನು ತೆರೆಯುವುದೂ, ನೀರು ನಿಂತಾಗ ಮುಚ್ಚುವುದೂ ಈ ಪೊರೆಯ ಚಲನೆಯಿಂದ. ಇದು ಬಿರಿದಿದ್ದರೆ ಅಥವಾ ಸೆಟೆದಿದ್ದರೆ ಹೊಸದನ್ನೇ ಹಾಕಿಸತಕ್ಕದ್ದು. ನಲ್ಲಿ ಮುಚ್ಚಿದ ಮೇಲೂ ಜ್ವಾಲೆ ಉರಿಯುತ್ತಿದ್ದರೆ ತತ್‌ಕ್ಷಣ ಸಿಲಿಂಡರನ್ನು ಮುಚ್ಚತಕ್ಕದ್ದು.

(ಉ) ಹೊಗೆಕೊಳವೆ: ಕೊಳವೆಯಿರುವ ಯಂತ್ರಗಳಲ್ಲಿ ಕಣಜದ ಗೂಡು, ಹಕ್ಕಿಯ ಗೂಡುಗಳಿಲ್ಲದಂತೆ ನೋಡಿ, ಅದರ ಬಾಯಿ ಬಯಲಿಗೆ ತೆರೆದಿರುವುದನ್ನು ನಿಶ್ಚಯಪಡಿಸಿಕೊಳ್ಳಬೇಕು.

೫. ಗೋಬರ್ ಗ್ಯಾಸುಳ್ಳವರಿಗೆ ಸೂಚನೆ

ಸಗಣಿಯ ಗ್ಯಾಸನ್ನು ಸಿಲಿಂಡರಿನ ಬಾಯ್ಲರಿಗೆ ಜೋಡಿಸಬಾರದು. ಅದರಲ್ಲಿ ಉರಿಯುವ ಮೀಥೇನು ಸುಮಾರು ನೂರಕ್ಕೆ ೬೦ ಪಾಲು ಮಾತ್ರ. ಉಳಿದುದು ಬಹುಮಟ್ಟಿಗೆ ಉರಿಯದ ಅನಿಲ. ಅದಕ್ಕೆ ದೊಡ್ಡ ರಂಧ್ರದ ಬೇರೆ ಜೆಟ್ಟು, ಬೇರೆ ಬರ್ನರು ಬೇಕು. ಅದರಲ್ಲಿ ತೇವವೂ, ಲೋಹವನ್ನು ತಿನ್ನುವ ಗಂಧಕಯುಕ್ತ ಅನಿಲವೂ ಇರುವುದರಿಂದ, ಕೊಳವೆಯಲ್ಲಿ ನಿಂತ ನೀರನ್ನು ಆಗಾಗ್ಗೆ ಹೊರಬಿಡುತ್ತಿರಬೇಕು.

೬. ಆಪತ್ತಿನ ಕಾಲದಲ್ಲಿ

ಬಚ್ಚಲಿಗೆ ಹೋದವರು ಕೂಗಿದರೂ ಓಗೊಡದಿದ್ದರೆ ಸಂಕೋಚ ಪಡದೆ ಬಾಗಿಲನ್ನು ಒಡೆಯಿರಿ. ಗ್ಯಾಸನ್ನು ನಿಲ್ಲಿಸಿ, ಅವರನ್ನು ಬಯಲಿಗೆ ತಂದು, ೧೦೮ ಕ್ಕೆ ಫೋನು ಮಾಡಿ. ಉಸಿರು ನಿಂತಿದ್ದರೆ ಬಲ್ಲವರು ಕೂಡಲೆ ಕೃತಕ ಉಸಿರಾಟವನ್ನು ಆರಂಭಿಸಬೇಕು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು. ಗ್ಯಾಸಿನ ದುರ್ವಾಸನೆ ಬಂದಲ್ಲಿ ದೀಪದ ಸ್ವಿಚ್ಚನ್ನು ಮುಟ್ಟದೆ, ಬಾಗಿಲು ಕಿಟಕಿಗಳನ್ನು ತೆರೆದು, ರೆಗ್ಯುಲೇಟರನ್ನು ಮುಚ್ಚಿ, ಹೊರಗೆ ಬಂದು ೧೯೦೬ ಕ್ಕೆ ತಿಳಿಸತಕ್ಕದ್ದು.

ಮೇಲ್ಕಂಡ ವಾರ್ಷಿಕ ಶುದ್ಧಿಗೆ ನೀರು ತುಂಬುವ ಹಬ್ಬದ ಹಿಂದಿನ ವಾರವೇ ಯೋಗ್ಯವಾದ ಕಾಲ. ಚಳಿ ಹೆಚ್ಚಿ ಜನರು ಕಿಟಕಿ ಮುಚ್ಚಿಕೊಳ್ಳುವುದು ಅದರ ಮುಂದೆಯೇ. ಗ್ರಾಮದ ಮುಖಂಡರು ಒಬ್ಬ ನುರಿತ ಮೆಕ್ಯಾನಿಕನನ್ನು ಊರಿಗೆ ಕರೆಸಿ ಎಲ್ಲ ಮನೆಗಳ ಬಾಯ್ಲರುಗಳನ್ನೂ ಒಟ್ಟಿಗೆ ನೋಡಿಸಿದರೆ ಖರ್ಚು ಹಗುರವಾಗುವುದು, ಯಾರೊಬ್ಬರೂ ಬಿಟ್ಟುಹೋಗುವುದಿಲ್ಲ. ಶುದ್ಧಿಮಾಡಿದ ತಾರೀಖನ್ನು ಯಂತ್ರದ ಪಕ್ಕದ ಗೋಡೆಯ ಮೇಲೆ ಬರೆದಿಡಲಿ. ಹಂಡೆಗೆ ಪಟ್ಟೆ ಎಳೆಯುತ್ತಿದ್ದ ಕೈಗೆ ಇದು ಭಾರವಾದ ಕೆಲಸವಲ್ಲ.