ನಾಲ್ಕು ತಿಂಗಳ ಕಾನ್ವೆಂಟು

ನವೋದಯದ ಅರ್ಜಿ ತುಂಬುವ ಮೊದಲು ಮಗುವಿನ ಮೂರನೇ ತರಗತಿಯ ಕಾಗದ ನೋಡಬೇಕೆಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ನಮ್ಮದು ಅರಕಲಗೂಡು ತಾಲ್ಲೂಕು, ಹೊಗೆಸೊಪ್ಪು ಬೆಳೆಯುವ ಮನೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ತೂಕ, ದರ ಎರಡೂ ಕಿವಿಗೆ ಬಿದ್ದರೆ ಸಾಕು, ಬಿಲ್ಲು ಕೈಗೆ ಬರುವಷ್ಟರಲ್ಲಿ ಮಗಳು ಮೊತ್ತ ಹೇಳಿಬಿಡುತ್ತಿದ್ದಳು. ಆಗ ಅವಳಿಗೆ ಏಳು ವರ್ಷ. ಚನ್ನರಾಯಪಟ್ಟಣದ ಭಾವ ಅದನ್ನು ನೋಡಿ, "ಇಂಥ ಮಗೀನ ಹಳ್ಳಿ ಸ್ಕೂಲಿಗೆ ಹಾಕ್ಕೊಂಡು ಕೂತಿದ್ದೀಯಲ್ಲಯ್ಯ" ಎಂದರು. ಆ "ಕೂತಿದ್ದೀಯಲ್ಲಯ್ಯ" ನನಗೆ ನಾಟಿತು. ಹೆಂಡತಿ ಬೇಡವೆಂದರೂ ಕೇಳದೆ ಮೂರನೇ ತರಗತಿಗೆ ಅಕ್ಕನ ಮನೆಯಲ್ಲಿಟ್ಟು ಟೌನಿನ ಕಾನ್ವೆಂಟಿಗೆ ಸೇರಿಸಿದೆ. ದಸರಾ ರಜಕ್ಕೆ ಬಂದವಳು ಮತ್ತೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಬ ತಬ್ಬಿಕೊಂಡು ನಿಂತುಬಿಟ್ಟಳು. ಟಿಸಿ ತಂದು ಊರಿನ ಸರ್ಕಾರಿ ಶಾಲೆಗೇ ಹಾಕಿದೆವು. ಆ ನಾಲ್ಕು ತಿಂಗಳ ಮಾತು ಮನೆಯಲ್ಲಿ ಅಲ್ಲಿಗೇ ಮುಗಿಯಿತು.

ನಮ್ಮ ಕಡೆ ಚುರುಕು ಮಕ್ಕಳ ಸ್ಕೂಲು ಅಂದರೆ ಮಾವಿನಕೆರೆ. ಹೊಳೆನರಸೀಪುರ ತಾಲ್ಲೂಕಿನ ಆ ಊರಿನಲ್ಲಿರುವುದು ಜವಾಹರ ನವೋದಯ ವಿದ್ಯಾಲಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ, ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆಂದೇ ಬೆಳೆದ ಶಾಲೆಗಳಿವು. ಆರರಿಂದ ಹನ್ನೆರಡರವರೆಗೆ ಅಲ್ಲೇ ಊಟ, ವಸತಿ, ಓದು. ಐದನೇ ತರಗತಿಯಲ್ಲಿದ್ದಾಗ ಪರೀಕ್ಷೆ: 2 ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧ ಚಿತ್ರ ಹೊಂದಿಸುವಂಥ ಮಾನಸಿಕ ಸಾಮರ್ಥ್ಯದ್ದು, ಉಳಿದರ್ಧ ಗಣಿತ ಮತ್ತು ಭಾಷೆ. ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು. ಕಾನ್ವೆಂಟು ಯಾವ ಸುಖಕ್ಕೆ ಬೇಕಿತ್ತೋ!

ಸೈಬರ್ ಸೆಂಟರಿನ ಹುಡುಗ "ರೂರಲ್ ತಾನೆ ಅಣ್ಣ?" ಎಂದ. ಹೌದೆಂದೆ. ನಮ್ಮೂರಲ್ಲಿ ಸಂಜೆಯ ಮೇಲೆ ಬಸ್ಸೇ ಇಲ್ಲ, ಇನ್ನೇನು ಹೇಳಲಿ? ಮೂರು, ನಾಲ್ಕು, ಐದು ಮೂರೂ ಇಲ್ಲೇ ಓದಿದ್ದಾಳೆಂದು ಮೇಷ್ಟ್ರು ದಾಖಲಾತಿ ಪುಸ್ತಕ ತೆಗೆಯದೆ ಸಹಿ ಹಾಕಿದರು. ಅವರಿಗೆ ಅವಳ ಮೇಲೆ ಪ್ರೀತಿ. ಆ ಪ್ರೀತಿಯ ಬದಲು ಪುಸ್ತಕ ತೆಗೆದಿದ್ದರೆ ಉಪಕಾರವಾಗುತ್ತಿತ್ತು.

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ಊರಿಗೆಲ್ಲ ಸಕ್ಕರೆ ಹಂಚಿದೆ. ಟ್ರಂಕು, ತಟ್ಟೆ ಲೋಟ, ಎರಡು ಜೊತೆ ಚಪ್ಪಲಿ ತಂದೆವು.

ದಾಖಲೆ ಪರಿಶೀಲನೆಯ ದಿನ ಮೂವರೂ ಮಾವಿನಕೆರೆಗೆ ಹೋದೆವು. ಹೊಳೆನರಸೀಪುರದಲ್ಲಿ ಬಸ್ಸಿಳಿದು ಇಡ್ಲಿ ತಿಂದೆವು. ಮಗಳು ತಿನ್ನಲಿಲ್ಲ, ಅವಳಿಗೆ ಆತುರ. ಯಾವುದು ಕೇಳುತ್ತಾರೋ, ಎಲ್ಲ ಇರಲಿ ಎಂದು ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಒಂದು ಫೈಲಿಗೆ ತುರುಕಿ ಒಯ್ದಿದ್ದೆ. ಮೇಜಿನ ಆಚೆ ಕೂತಿದ್ದವರು ಒಂದೊಂದೇ ತಿರುವುತ್ತಾ ಹೋದರು. ಒಂದು ಹಾಳೆಯ ಮೇಲೆ ಬೆರಳು ನಿಂತಿತು. "ಇದು ಚನ್ನರಾಯಪಟ್ಟಣ ಪುರಸಭೆ ವ್ಯಾಪ್ತಿಯ ಶಾಲೆ ಅಲ್ವಾ?" ಎಂದರು. ನಾಲ್ಕೇ ತಿಂಗಳು ಸಾರ್ ಎಂದೆ. ಅವರು ಪ್ರಕಟಣೆಯ ಪುಸ್ತಿಕೆ ತೆಗೆದು ತೋರಿಸಿದರು: ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿ. ಅಚ್ಚಾಗಿದ್ದ ಸಾಲು. ನನ್ನ ಫೋನಿನಲ್ಲೂ ಆ ಪುಸ್ತಿಕೆ ಇತ್ತು, ತೆರೆದಿರಲಿಲ್ಲ. ನಗರದ ಪಟ್ಟಿಗಾದರೂ ಹಾಕಿ ಎಂದು ಕೈ ಮುಗಿದೆ. ಅದು ಆಗಲೇ ಭರ್ತಿಯಾಗಿತ್ತು. ಅವರೇನೂ ತಪ್ಪು ಮಾಡಲಿಲ್ಲ, ಬೈಯಲೂ ಇಲ್ಲ. ಒಂದೆರಡು ಮಾತು ಬೈದಿದ್ದರೆ ನಾನೂ ಜಗಳ ಮಾಡಿ ಹಗುರವಾಗುತ್ತಿದ್ದೆ.

ಹೆಂಡತಿ ಹೊರಗೆ ಟ್ರಂಕಿನ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ ಎದ್ದು ನಿಂತಳು, ಏನೂ ಕೇಳಲಿಲ್ಲ. ವಾಪಸು ಬಸ್ಸಿನಲ್ಲಿ ಹೇಮಾವತಿ ದಾಟುವಾಗ ಮಗಳು ಮೆಲ್ಲಗೆ, "ಅಪ್ಪಾ, ಅವತ್ತು ನಾನು ಅತ್ತೆ ಮನೆಯಿಂದ ವಾಪಸ್ ಬಂದೆನಲ್ಲ, ಅದಕ್ಕಾ?" ಎಂದಳು. ಬಂದಿದ್ದಕ್ಕಲ್ಲ, ಕಳಿಸಿದ್ದಕ್ಕೆ. ಆವತ್ತು ನನ್ನ ಬಾಯಿಗೆ ಆ ಮಾತು ಬರಲಿಲ್ಲ.

ಭಾವ ಫೋನು ಮಾಡಿ, "ಯಾರನ್ನಾದ್ರೂ ಹಿಡಿಸಿ ಮಾಡಿಸ್ಬೋದಿತ್ತು" ಎಂದರು. ಅವರ ಮನೆಗೆ ನಾನು ಹೋಗಿ ಎರಡು ವರ್ಷವಾಯಿತು.

ಈಗ ಬೇರೆಯವರಿಗೆ ಹೇಳುವುದು ಇಷ್ಟು. ನಗರ ಅಂದರೆ ಹಾಸನ ಒಂದೇ ಅಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣದ ಪುರಸಭೆ, ಅರಕಲಗೂಡಿನ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ಗರಿಷ್ಠ 80 ಸೀಟಿನಲ್ಲಿ ಕಡಿಮೆಯೆಂದರೂ ನೂರಕ್ಕೆ 75 ಗ್ರಾಮೀಣ ಮಕ್ಕಳಿಗೆ, ಹಾಗಾಗಿ ಈ ಒಂದು ಗುರುತು ದೊಡ್ಡದು. ಆರನೇ ತರಗತಿಯ ಈ ಪರೀಕ್ಷೆಯನ್ನು ಎರಡನೇ ಸಲ ಬರೆಯುವಂತಿಲ್ಲ. ಭಾನುವಾರದ ಕೋಚಿಂಗಿಗೆ ದುಡ್ಡು ಸುರಿಯುವ ಮೊದಲು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಗಡಿಯಾರ ಇಟ್ಟು ಕೂರಿಸಿ. ನಮ್ಮವಳು ಕಲಿತದ್ದು ಹಾಗೇ.

ಎಂಟನೇ ತರಗತಿಯವರು ಒಂಬತ್ತರ ಖಾಲಿ ಸೀಟಿಗೆ ಬರೆಯುವ ಬೇರೆ ಪರೀಕ್ಷೆಯೊಂದಿದೆ. ಮಗಳು ಈಗ ಏಳರಲ್ಲಿದ್ದಾಳೆ. ಬರೆಯುತ್ತೀಯಾ ಎಂದರೆ ಇನ್ನೂ ಉತ್ತರ ಕೊಟ್ಟಿಲ್ಲ.

ನಿಮ್ಮ ಮಗು ಎರಡನೇ ತರಗತಿಯಲ್ಲಿದ್ದು, ಮನೆಯಲ್ಲಿ ಟೌನಿನ ಕಾನ್ವೆಂಟಿನ ಮಾತು ನಡೆಯುತ್ತಿದ್ದರೆ, ಮಾವಿನಕೆರೆಯ ಗ್ರಾಮೀಣ ಸೀಟಿನ ಆಸೆಯೂ ಇದ್ದರೆ, ಎರಡರಲ್ಲಿ ಒಂದನ್ನು ಈಗಲೇ ಬಿಡಿ.