ಗಂಟು ಕರಗಿತೆಂದು ಕಿಮೊ ನಿಲ್ಲಿಸಬೇಡಿ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಕುತ್ತಿಗೆಯ ಗಂಟು ನೋಡಿ ಮೊದಲು ಟಿ.ಬಿ. ಇರಬಹುದು ಎಂದರು. ಬಯಾಪ್ಸಿ ಮಾಡಿಸಿದಾಗ ಹಾಡ್ಜ್‌ಕಿನ್ ಲಿಂಫೋಮಾ ಎಂದು ಗೊತ್ತಾಯಿತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಔಷಧಿಗಳ ಕಿಮೊ, ಒಟ್ಟು ಆರು ಸೈಕಲ್ ಎಂದಿದ್ದಾರೆ. ಎರಡು ಸೈಕಲ್‌ಗೇ ಗಂಟು ಕರಗಿದೆ. ಈಗ ಅವನು ತೊಗರಿ ರಾಶಿ ಮುಗಿಸಿಕೊಂಡು ಹೋಗುತ್ತೇನೆ ಎನ್ನುತ್ತಾನೆ. ನಾಲ್ಕು ಔಷಧಿ ಯಾಕೆ ಬೇಕು? ಕಿಮೊ ಆದ ದಿನ ಮೂತ್ರ ಕೆಂಪಗಾಗುತ್ತದೆ, ಭಯವಾಗುತ್ತದೆ.
– ಓದುಗರು, ನರೋಣಾ

ಉತ್ತರ: ದಯವಿಟ್ಟು ಒಂದು ಡೋಸನ್ನೂ ತಪ್ಪಿಸಬೇಡಿ. ಗಂಟು ಕೈಗೆ ಸಿಗದಿದ್ದರೂ ಒಳಗೆ ಕ್ಯಾನ್ಸರ್ ಕೋಶಗಳು ಉಳಿದಿರಬಹುದು. ಮಧ್ಯದಲ್ಲಿ ಬಿಟ್ಟರೆ ಅವು ಮತ್ತೆ ಬೆಳೆಯುತ್ತವೆ. ಆಗ ಚಿಕಿತ್ಸೆ ಇನ್ನೂ ಕಠಿಣ.

ಒಂದೇ ಔಷಧಿ ಕೊಡುತ್ತಿದ್ದ ಕಾಲದಲ್ಲಿ ಗಂಟು ಕುಗ್ಗಿ, ಕೆಲವೇ ತಿಂಗಳಲ್ಲಿ ಮರಳಿ ಬರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಡಾ. ವಿನ್ಸೆಂಟ್ ಡೆವಿಟಾ ಮತ್ತು ಸಂಗಡಿಗರು ನಾಲ್ಕು ಔಷಧಿಗಳನ್ನು ಕೂಡಿಸಿ ಕೊಟ್ಟು, ಮುಂದುವರಿದ ಹಂತದಲ್ಲೂ ಈ ರೋಗ ವಾಸಿಯಾಗುತ್ತದೆ ಎಂದು ತೋರಿಸಿದರು. ಈಗ ಹೆಚ್ಚಾಗಿ ಕೊಡುವ ಎಬಿವಿಡಿಯನ್ನು ಇಟಲಿಯ ಡಾ. ಜಿಯಾನಿ ಬೊನಡೊನ್ನಾ 1970ರ ದಶಕದಲ್ಲಿ ರೂಪಿಸಿದರು. ಅದರಲ್ಲಿ ಡಾಕ್ಸೊರುಬಿಸಿನ್, ಬ್ಲಿಯೊಮೈಸಿನ್, ವಿನ್‌ಬ್ಲಾಸ್ಟಿನ್, ಡಕಾರ್ಬಜಿನ್ ಇವೆ. ಇವು ಕೋಶವನ್ನು ಬೇರೆಬೇರೆ ರೀತಿಯಲ್ಲಿ ಕೊಲ್ಲುತ್ತವೆ. ಒಂದಕ್ಕೆ ಬಗ್ಗದ ಕೋಶ ಇನ್ನೊಂದಕ್ಕೆ ಬಗ್ಗುತ್ತದೆ. ಅಡ್ಡಪರಿಣಾಮಗಳೂ ಬಹುಮಟ್ಟಿಗೆ ಬೇರೆಬೇರೆ ಅಂಗಗಳ ಮೇಲೆ ಆಗುವುದರಿಂದ ಪ್ರತಿಯೊಂದನ್ನೂ ಸಾಕಷ್ಟು ಪ್ರಮಾಣದಲ್ಲಿ ಕೊಡಬಹುದು.

ಮೂತ್ರದ ಕೆಂಪು ರಕ್ತವಲ್ಲ. ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ; ಒಂದೆರಡು ದಿನದಲ್ಲಿ ಮೂತ್ರ ತಿಳಿಯಾಗುತ್ತದೆ. ಆಮೇಲೂ ಕೆಂಪಿದ್ದರೆ ತೋರಿಸಿ.

ಎಚ್ಚರ ಬೇಕಾದದ್ದು ಜ್ವರಕ್ಕೆ. ಕಿಮೊದಿಂದ ಬಿಳಿ ರಕ್ತಕಣ ಇಳಿದಿರುತ್ತವೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮನೆಯಲ್ಲಿ ಮಾತ್ರೆ ನುಂಗಿಸಿ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಣ ಕೆಮ್ಮು, ಏದುಸಿರು ಬಂದರೆ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ತೊಂದರೆ ಮಾಡಿರಬಹುದು; ಕೂಡಲೇ ಹೇಳಿ. ಬೀಡಿ, ಸಿಗರೇಟು ಬೇಡವೇ ಬೇಡ. ರಾಶಿಯ ಧೂಳಿಗೂ ಅವನನ್ನು ಕಳಿಸಬೇಡಿ.

ಎರಡು ಸೈಕಲ್ ಆದಮೇಲೆ ಸಾಮಾನ್ಯವಾಗಿ ಪೆಟ್-ಸಿಟಿ ಸ್ಕ್ಯಾನ್ ಮಾಡುತ್ತಾರೆ. ಫಲಿತಾಂಶ ಚೆನ್ನಾಗಿದ್ದರೆ ಮುಂದಿನ ಸೈಕಲ್‌ಗಳಲ್ಲಿ ಬ್ಲಿಯೊಮೈಸಿನ್ ಕೈಬಿಡಬಹುದು. ಆ ತೀರ್ಮಾನ ವೈದ್ಯರದ್ದು.

ಖರ್ಚಿನ ಚಿಂತೆಯಿದ್ದರೆ ಬಿಪಿಎಲ್ ಕಾರ್ಡ್ ಹಿಡಿದು ಆಸ್ಪತ್ರೆಯ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕೌಂಟರ್‌ನಲ್ಲಿ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ, ಉಳಿದ ಡೋಸ್‌ಗಳನ್ನು ಇಲ್ಲಿ ಪಡೆಯಬಹುದೇ ಎಂದು ಕೇಳಿ ನೋಡಿ.

ಪೂರ್ತಿ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಮಂದಿ ಈ ರೋಗದಿಂದ ಗುಣವಾಗುತ್ತಾರೆ. ಈ ಸಲದ ರಾಶಿಯನ್ನು ಮನೆಯ ಉಳಿದವರು ಮಾಡಿಕೊಳ್ಳಿ, ತಮ್ಮನನ್ನು ಹೇಳಿದ ದಿನವೇ ಕಿಮೊಗೆ ಕಳಿಸಿ.